ಕ್ವಿಜ್ ಗೆದ್ದವರಿಗೆ ಏಳು, ಸೋತವರಿಗೆ ಮೂರು: ಇದು ನ್ಯಾಯವೇ?

ಪ್ರಶ್ನೆ: ನಾನು ಅರ್ಥಶಾಸ್ತ್ರ ಓದುತ್ತಿದ್ದೇನೆ. ಹೋದ ವಾರ ತರಗತಿಯಲ್ಲಿ ಅಲ್ಟಿಮೇಟಮ್ ಗೇಮ್ ಆಡಿಸಿದರು. ಮೊದಲು ಒಂದು ಸಣ್ಣ ಕ್ವಿಜ್ ಇತ್ತು. ಅದರಲ್ಲಿ ಹೆಚ್ಚು ಅಂಕ ತೆಗೆದವರಿಗೆ 10 ಟೋಕನ್ ಕೊಟ್ಟು, ಇನ್ನೊಬ್ಬರ ಜೊತೆ ಹಂಚಿಕೊಳ್ಳಿ ಎಂದರು. ಕೊನೆಯಲ್ಲಿ ಟೋಕನ್ ಲೆಕ್ಕಕ್ಕೆ ನಿಜವಾದ ದುಡ್ಡು. ನಾನು 7 ಇಟ್ಟುಕೊಂಡು 3 ಕೊಡುತ್ತೇನೆ ಎಂದೆ. ಆ ಕಡೆಯವರು ಬೇಡ ಎಂದರು. ನಿಯಮದ ಪ್ರಕಾರ ಇಬ್ಬರಿಗೂ ಏನೂ ಸಿಗಲಿಲ್ಲ. ಬೇಡ ಎಂದಿದ್ದು ನನ್ನ ಆಪ್ತ ಗೆಳತಿ ಎಂದು ಆಮೇಲೆ ಗೊತ್ತಾಯಿತು! ನಾನು ಮಾಡಿದ್ದು ಅನ್ಯಾಯ ಎನ್ನುತ್ತಾಳೆ. ಸುಮ್ನೆ ಬರುವ 3 ಟೋಕನ್ ಕಳೆದುಕೊಂಡಿದ್ದು ದಡ್ಡತನ ಎಂದು ನಾನು. ಯಾರು ಸರಿ? ಇನ್ನೊಂದು ಮಾತು, ಮನುಷ್ಯ ಸ್ವಾರ್ಥಿಯಲ್ಲ ಎಂದು ಈ ಆಟ ಸಾಬೀತು ಮಾಡುತ್ತದೆ ಎಂದರು ನಮ್ಮ ಮೇಷ್ಟ್ರು. ನಿಜವೇ?

ಉತ್ತರ: ಮೊದಲು ನಿಮ್ಮ ಗೆಳತಿಯ ಪರವಾಗಿ ಒಂದು ಮಾತು. ಬಂದದ್ದನ್ನು ಬೇಡ ಎನ್ನುವುದು ದಡ್ಡತನವಾದರೆ, ಕಳೆದ ನಾಲ್ಕು ದಶಕಗಳಲ್ಲಿ ಈ ಆಟ ಆಡಿದ ಸಾವಿರಾರು ಜನರನ್ನು ನಾವು ದಡ್ಡರು ಎನ್ನಬೇಕಾಗುತ್ತದೆ. ಅವರಲ್ಲಿ ಲೆಕ್ಕ ಬಾರದವರು ತುಂಬಾ ಕಡಿಮೆ. ಮೂರು ಸೊನ್ನೆಗಿಂತ ದೊಡ್ಡದು ಎಂದು ಎಲ್ಲರಿಗೂ ಗೊತ್ತು. ಗೊತ್ತಿದ್ದೇ ಬೇಡ ಎಂದರು.

ಪಠ್ಯಪುಸ್ತಕದ ಲೆಕ್ಕ ನಿಮಗೆ ಹೇಳಿಯೇ ಇರುತ್ತಾರೆ. ಎರಡನೆಯವರು ತಮ್ಮ ಜೇಬನ್ನು ಮಾತ್ರ ನೋಡುವುದಾದರೆ ಒಂದು ಟೋಕನ್ ಕೊಟ್ಟರೂ ಒಪ್ಪಬೇಕು. ಇದು ಗೊತ್ತಿರುವ ಮೊದಲನೆಯವರು ಒಂದೇ ಟೋಕನ್ ಕೊಡಬೇಕು. 1982ರಲ್ಲಿ ವರ್ನರ್ ಗ್ಯೂಟ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಈ ಲೆಕ್ಕವನ್ನು ಪರೀಕ್ಷೆಗೆ ಒಡ್ಡಿದರು. ಜರ್ಮನಿಯ ವಿದ್ಯಾರ್ಥಿಗಳನ್ನು ಕೂರಿಸಿ ನಿಜವಾದ ಹಣ ಇಟ್ಟು ಆಡಿಸಿದರು. ಅತಿ ಹೆಚ್ಚು ಜನ ಆರಿಸಿದ್ದು ಸಮಪಾಲು. ಅಷ್ಟು ಕೊಡದವರೂ ಹೆಚ್ಚಿನವರು ಒಂದು ಒಳ್ಳೆಯ ಪಾಲನ್ನೇ ಮುಂದಿಟ್ಟರು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಇದೇ ಆಟ ನಡೆಯಿತು. 2004ರಲ್ಲಿ ಮೂವರು ಡಚ್ ಸಂಶೋಧಕರು ಇಂಥ 37 ಪ್ರಬಂಧಗಳ ಫಲಿತಾಂಶ ಒಟ್ಟುಗೂಡಿಸಿ ನೋಡಿದರು. ಸರಾಸರಿ ಕೊಡುಗೆ 40%. ತಿರಸ್ಕಾರ ಸರಾಸರಿ 16%. ಐದರಲ್ಲಿ ಒಂದು ಪಾಲಿಗಿಂತ ಕಡಿಮೆ ಕೊಟ್ಟಾಗ ಅರ್ಧದಷ್ಟು ಜನ ಬೇಡ ಎನ್ನುವುದು ಈ ಆಟದಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ.

ನೀವು ಕೊಟ್ಟದ್ದು 30%. ಅಂದರೆ ನೀವು ಕೂತದ್ದು ಗಡಿಯ ಮೇಲೆ. ಒಬ್ಬರು ಒಪ್ಪುತ್ತಾರೆ, ಇನ್ನೊಬ್ಬರು ಸಿಡುಕುತ್ತಾರೆ.

ಇನ್ನು ನಿಮ್ಮ ಮೇಷ್ಟ್ರ ಮಾತು. 40% ಕೊಡುತ್ತಾರೆ ಎಂದ ಮಾತ್ರಕ್ಕೆ ಅದು ಧಾರಾಳ ಮನಸ್ಸು ಎನ್ನಲು ಬರುವುದಿಲ್ಲ. ಕಡಿಮೆ ಕೊಟ್ಟರೆ ಆ ಕಡೆಯವರು ಬೇಡ ಎಂದುಬಿಡಬಹುದು. ಆ ಹೆದರಿಕೆಯಿಂದಲೂ ಕೊಟ್ಟಿರಬಹುದು, ಅಲ್ವಾ? ಹೆದರಿಕೆಯನ್ನು ತೆಗೆದರೆ ಏನು ಉಳಿಯುತ್ತದೆ ಎಂದು ನೋಡಲು ಹುಟ್ಟಿದ್ದೇ ಡಿಕ್ಟೇಟರ್ ಗೇಮ್. ಇಲ್ಲಿ ಎರಡನೆಯವರಿಗೆ ಬೇಡ ಎನ್ನುವ ಅವಕಾಶವೇ ಇಲ್ಲ. ಕೊಟ್ಟಷ್ಟು ತೆಗೆದುಕೊಳ್ಳಬೇಕು.

ಇದರ ಮೊದಲ ರೂಪ 1986ರಲ್ಲಿ ಬಂತು. ಡೇನಿಯಲ್ ಕಾನಮನ್, ಜ್ಯಾಕ್ ನೆಚ್ ಮತ್ತು ರಿಚರ್ಡ್ ಥೇಲರ್ ಮಾಡಿದ್ದು. ಇಪ್ಪತ್ತು ಡಾಲರನ್ನು 18–2 ಎಂದು ಹಂಚಬಹುದು, ಇಲ್ಲವೇ 10–10. ಎರಡೇ ದಾರಿ. 76% ಜನ ಸಮಪಾಲು ಆರಿಸಿದರು. ಆ ಪ್ರಯೋಗದ ಎರಡನೇ ಭಾಗ ನನಗೆ ಇನ್ನೂ ಇಷ್ಟ. ಈಗ ನೀವು ಹೊರಗಿನವರು. ಹಿಂದೆ 18–2 ಎಂದು ಹಂಚಿದ ಒಬ್ಬರ ಜೊತೆ 12 ಡಾಲರ್ ಹಂಚಿಕೊಂಡು 6 ಪಡೆಯಬಹುದು. ಇಲ್ಲವೇ 10–10 ಎಂದು ಹಂಚಿದವರ ಜೊತೆ 10 ಡಾಲರ್ ಹಂಚಿಕೊಂಡು 5 ಪಡೆಯಬಹುದು. 74% ಜನ ಒಂದು ಡಾಲರ್ ಬಿಟ್ಟುಕೊಟ್ಟು ಸಮಪಾಲು ಮಾಡಿದವರ ಕಡೆ ಹೋದರು. ಅನ್ಯಾಯ ಆಗಿದ್ದು ಇವರಿಗಲ್ಲ, ಇನ್ಯಾರಿಗೋ. ಆದರೂ ನಷ್ಟ ಮಾಡಿಕೊಂಡರು. ನಿಮ್ಮ ಗೆಳತಿ ಒಬ್ಬಳೇ ಹಾಗೆ ಎಂದುಕೊಳ್ಳಬೇಡಿ.

ಹಂಚಲು ಎರಡೇ ದಾರಿ ಎಂಬ ಕಟ್ಟು ಬಿಟ್ಟು, ಇಷ್ಟ ಬಂದಷ್ಟು ಕೊಡಬಹುದು ಎಂದಾಗ ಚಿತ್ರ ಬದಲಾಗುತ್ತದೆ. ಕ್ರಿಸ್ಟೋಫ್ ಎಂಗೆಲ್ 2011ರಲ್ಲಿ ನೂರಕ್ಕೂ ಹೆಚ್ಚು ಪ್ರಬಂಧಗಳ ಡಿಕ್ಟೇಟರ್ ಆಟಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸರಾಸರಿ ಕೊಟ್ಟದ್ದು ಸುಮಾರು 28%. ಏನೂ ಕೊಡದವರು ಸುಮಾರು 36%. ಸರಿಯಾಗಿ ಅರ್ಧ ಕೊಟ್ಟವರು 17% ಹತ್ತಿರ. ಎಲ್ಲವನ್ನೂ ಕೊಟ್ಟವರು 5%. ಅಂದರೆ ಅಲ್ಟಿಮೇಟಮ್ ಆಟದ 40%ನಲ್ಲಿ ಒಂದು ಭಾಗ ಹೆದರಿಕೆ. ಅದನ್ನು ಕಳೆದ ಮೇಲೂ ಏನೋ ಉಳಿಯುತ್ತದೆ.

ಆ ಉಳಿದದ್ದು ಏನು? ಇಲ್ಲಿಂದಲೇ ವಿಷಯ ನಿಮ್ಮ ಜಗಳಕ್ಕೆ ಬರುತ್ತದೆ. ವರ್ಷಗಟ್ಟಲೆ ಈ ಆಟಗಳನ್ನು ಆಡಿಸಿ, ಓದಿ, ನಾನು ಬಂದು ನಿಂತ ಅಭಿಪ್ರಾಯ ಇದು: ಎಷ್ಟು ಕೊಡಲಿ ಎಂದು ಯೋಚಿಸುವ ಮೊದಲೇ ಜನ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆಗೆ ಉತ್ತರ ಹೇಳಿಕೊಂಡಿರುತ್ತಾರೆ. ಈ ಹಣ ಯಾರದ್ದು? ಅದರ ಉತ್ತರ ಸಿಕ್ಕಿದರೆ ಕೊಡುವ ಮೊತ್ತ ತಾನಾಗಿ ಬರುತ್ತದೆ.

ಮಾಮೂಲಿ ಪ್ರಯೋಗದಲ್ಲಿ ಆ ಹಣ ಯಾರದ್ದೂ ಅಲ್ಲ. ಸಂಶೋಧಕರು ಕೊಟ್ಟದ್ದು. ಯಾರು ಕೊಡುವವರು, ಯಾರು ಪಡೆಯುವವರು ಎಂಬುದೂ ಚೀಟಿ ಎತ್ತಿ ಆದದ್ದು. ದಾರಿಯಲ್ಲಿ ಇಬ್ಬರಿಗೂ ಒಟ್ಟಿಗೆ ಕಂಡ ನೋಟಿನ ಹಾಗೆ. ನಾನು ಮೊದಲು ಬಗ್ಗಿ ಎತ್ತಿಕೊಂಡೆ ಎಂದ ಮಾತ್ರಕ್ಕೆ ಪೂರ್ತಿ ನನ್ನದು ಎನ್ನಲು ಬಾಯಿ ಬರುವುದಿಲ್ಲ. ಆಗ ಸಮಪಾಲು ಸಹಜ.

1994ರಲ್ಲಿ ಎಲಿಜಬೆತ್ ಹಾಫ್‌ಮನ್, ಕೆವಿನ್ ಮೆಕೇಬ್, ಕೀತ್ ಶಾಚಟ್ ಮತ್ತು ವರ್ನನ್ ಸ್ಮಿತ್ ಇದನ್ನು ಸ್ವಲ್ಪ ತಿರುಗಿಸಿ ನೋಡಿದರು. ಕೊಡುವ ಸ್ಥಾನವನ್ನು ಚೀಟಿ ಎತ್ತಿ ಕೊಡುವ ಬದಲು ಕ್ವಿಜ್ ಗೆದ್ದವರಿಗೆ ಕೊಟ್ಟರು. ನಿಮ್ಮ ತರಗತಿಯಲ್ಲಿ ಮಾಡಿದ ಹಾಗೇ. ಕೊಡುವ ಮೊತ್ತ ಇಳಿಯಿತು. ಇದರಲ್ಲಿ ಆಶ್ಚರ್ಯ ಇಲ್ಲ. ಆಶ್ಚರ್ಯ ಇರುವುದು ಇನ್ನೊಂದು ಕಡೆ. ಮೊತ್ತ ಇಳಿದರೂ ತಿರಸ್ಕಾರ ಹೆಚ್ಚಲಿಲ್ಲ. ಪಡೆಯುವವರೂ ಒಪ್ಪಿಕೊಂಡಿದ್ದರು, ಗೆದ್ದವರಿಗೆ ಸ್ವಲ್ಪ ಜಾಸ್ತಿ ಸಲ್ಲಬೇಕು ಎಂದು. ನ್ಯಾಯದ ಗೆರೆ ಇಬ್ಬರ ಮನಸ್ಸಿನಲ್ಲೂ ಒಟ್ಟಿಗೆ ಸರಿದಿತ್ತು.

ನಿಮ್ಮ ವಿಷಯದಲ್ಲಿ ಆ ಗೆರೆ ಒಬ್ಬರಲ್ಲಿ ಮಾತ್ರ ಸರಿಯಿತು. ಅದು ಏಕೆ ಎನ್ನುವುದಕ್ಕೆ ಕೊನೆಗೆ ಬರುತ್ತೇನೆ.

ಅದೇ ತಂಡ ಇನ್ನೊಂದು ಕೆಲಸ ಮಾಡಿತು. ಡಿಕ್ಟೇಟರ್ ಆಟದಲ್ಲಿ ಯಾರು ಎಷ್ಟು ಕೊಟ್ಟರು ಎಂಬುದು ಪ್ರಯೋಗ ಮಾಡುವವರಿಗೂ ತಿಳಿಯದ ಹಾಗೆ ಏರ್ಪಾಡು. ಲಕೋಟೆಯಲ್ಲಿ ಹತ್ತು ನೋಟು, ಅದೇ ಅಳತೆಯ ಹತ್ತು ಖಾಲಿ ಚೀಟಿ. ಏನು ತೆಗೆದರೂ ಹತ್ತನ್ನೇ ತೆಗೆಯಬೇಕು, ಹತ್ತನ್ನೇ ಉಳಿಸಬೇಕು. ಲಕೋಟೆಯ ದಪ್ಪ ಬದಲಾಗುವುದಿಲ್ಲ. ಕೆಲವು ಲಕೋಟೆಗಳಲ್ಲಿ ಬರೀ ಖಾಲಿ ಚೀಟಿಗಳೇ ಇದ್ದವು. ಹಾಗಾಗಿ ಒಂದು ಲಕೋಟೆಯಲ್ಲಿ ಹಣ ಇಲ್ಲದಿದ್ದರೆ ಅದು ಯಾರ ಜಿಪುಣತನ, ಯಾರ ಅದೃಷ್ಟ ಎಂದು ಹೇಳಲು ಆಗುವುದಿಲ್ಲ. ಫಲಿತಾಂಶ? 60%ಕ್ಕೂ ಹೆಚ್ಚು ಜನ ಏನೂ ಕೊಡಲಿಲ್ಲ.

ಎರಡನ್ನೂ ಸೇರಿಸಿದರೆ ಇನ್ನೂ ಕಠಿಣ. 2002ರಲ್ಲಿ ಟಾಡ್ ಚೆರಿ ಮತ್ತು ಇಬ್ಬರು ಸಹೋದ್ಯೋಗಿಗಳು ಆಟಗಾರರ ಕೈಲೇ ಪರೀಕ್ಷೆ ಬರೆಸಿ ಹಣ ಸಂಪಾದನೆ ಮಾಡಿಸಿದರು. ಯಾರೂ ನೋಡುತ್ತಿಲ್ಲ ಎಂಬ ಖಾತ್ರಿಯನ್ನೂ ಕೊಟ್ಟರು. ಆಗ 95% ಅಥವಾ ಅದಕ್ಕೂ ಹೆಚ್ಚು ಜನ ಸೊನ್ನೆ ಕೊಟ್ಟರು.

ಇದನ್ನು ಕೇಳಿದ ತಕ್ಷಣ ಹಲವರು ಹೇಳುವ ಮಾತು: ನೋಡಿ, ಕೊನೆಗೂ ಎಲ್ಲರೂ ಸ್ವಾರ್ಥಿಗಳೇ, ಯಾರಾದರೂ ನೋಡುತ್ತಿದ್ದಾಗ ಮಾತ್ರ ನಾಟಕ. ನಾನು ಇದನ್ನು ಒಪ್ಪುವುದಿಲ್ಲ. ನೀವು ದುಡಿದ ಹಣದಲ್ಲಿ ಗುರುತಿಲ್ಲದ ಒಬ್ಬರಿಗೆ ಪಾಲು ಕೊಡಲಿಲ್ಲ ಎಂದರೆ ಅದು ಸ್ವಾರ್ಥವೇ? ಆ ಒಬ್ಬರಿಗೆ ಅದರ ಮೇಲೆ ಹಕ್ಕಾದರೂ ಏನಿದೆ? ಕಷ್ಟದಲ್ಲಿ ಇದ್ದಾರೆಯೇ ಎಂಬುದೂ ಗೊತ್ತಿಲ್ಲ. ಕೊಡದೇ ಇರುವುದಕ್ಕೂ ಕಿತ್ತುಕೊಳ್ಳುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಆ ವ್ಯತ್ಯಾಸವನ್ನು ಜಾನ್ ಲಿಸ್ಟ್ 2007ರಲ್ಲಿ ಅಂಕಿಗಳಲ್ಲಿ ತೋರಿಸಿದರು. ಮಾಮೂಲಿ ಡಿಕ್ಟೇಟರ್ ಆಟದಲ್ಲಿ 71% ಜನ ಏನಾದರೂ ಕೊಟ್ಟರು. ಆಮೇಲೆ ಇನ್ನೊಂದು ಗುಂಪಿಗೆ ಒಂದೇ ಒಂದು ಅವಕಾಶ ಸೇರಿಸಿದರು: ಬೇಕಾದರೆ ಆ ಕಡೆಯವರಿಂದ ಒಂದು ಡಾಲರ್ ತೆಗೆದುಕೊಳ್ಳಲೂಬಹುದು. ಕೊಡುವವರು 35%ಕ್ಕೆ ಇಳಿದರು. ಐದು ಡಾಲರ್ ತನಕ ತೆಗೆದುಕೊಳ್ಳಬಹುದು ಎಂದಾಗ ಸುಮಾರು 10%. ಕೈಯಲ್ಲಿರುವ ಹಣ ಅಷ್ಟೇ, ಆ ಕಡೆ ಇರುವವರೂ ಅಂಥವರೇ. ಬದಲಾದದ್ದು ಸಾಧ್ಯತೆಗಳ ಪಟ್ಟಿ. ಕೊಡು ಅಥವಾ ಬಿಡು ಎಂದಿದ್ದಾಗ ಏನೂ ಕೊಡದಿರುವುದೇ ಕೆಟ್ಟ ಕೆಲಸ. ಕಿತ್ತುಕೊಳ್ಳಲೂ ಬಹುದು ಎಂದಾಗ ಸುಮ್ಮನಿರುವುದೇ ಒಳ್ಳೆಯತನವಾಗಿ ಕಾಣುತ್ತದೆ. ಆದರೆ ಇಬ್ಬರೂ ಕೆಲಸ ಮಾಡಿ ಹಣ ಸಂಪಾದಿಸಿದಾಗ ಏನಾಯಿತು ಗೊತ್ತೇ? ಮೂವರಲ್ಲಿ ಇಬ್ಬರು ಕೊಡಲೂ ಇಲ್ಲ, ಕಿತ್ತುಕೊಳ್ಳಲೂ ಇಲ್ಲ. ಅವರವರ ದುಡಿಮೆ ಅವರವರಿಗೆ ಎಂದು ಬಿಟ್ಟರು. ಬರೀ ಸ್ವಾರ್ಥಿಯಾದರೆ ಸಿಕ್ಕಷ್ಟು ಬಾಚಿಕೊಳ್ಳಬೇಕಿತ್ತಲ್ಲ.

ಹಾಗೆಂದು ಮನುಷ್ಯರನ್ನು ಪೂರ್ತಿ ಹೊಗಳಲೂ ಆಗದು. ನ್ಯಾಯವಾಗಿರುವುದಕ್ಕಿಂತ ನ್ಯಾಯವಂತರು ಎನಿಸಿಕೊಳ್ಳುವುದು ಹಲವರಿಗೆ ಸಾಕು. ಇದಕ್ಕೆ ಎರಡು ಪ್ರಯೋಗ ಹೇಳುತ್ತೇನೆ. ಎರಡರಲ್ಲೂ ಜೇಸನ್ ಡೇನಾ ಎಂಬ ಸಂಶೋಧಕರು ಇದ್ದರು.

2006ರದ್ದು: ಹತ್ತು ಡಾಲರನ್ನು ಹೇಗೆ ಹಂಚುತ್ತೀರಿ ಎಂದು ಕೇಳಿದರು. ಉತ್ತರ ಕೊಟ್ಟ ಮೇಲೆ ಒಂದು ಹೊಸ ಅವಕಾಶ ಮುಂದಿಟ್ಟರು. ಬೇಕಾದರೆ 9 ಡಾಲರ್ ತೆಗೆದುಕೊಂಡು ಹೊರಟುಹೋಗಿ, ಇಂಥ ಆಟವೊಂದು ಇತ್ತು ಎಂದೇ ಆ ಕಡೆಯವರಿಗೆ ಗೊತ್ತಾಗುವುದಿಲ್ಲ. ಹಣವಷ್ಟೇ ಮುಖ್ಯವಾಗಿದ್ದರೆ ಹತ್ತನ್ನೂ ಇಟ್ಟುಕೊಳ್ಳಬಹುದಿತ್ತು. ಕೊಡುವುದು ಮುಖ್ಯವಾಗಿದ್ದರೆ ಕೊಡಬಹುದಿತ್ತು. ಆದರೂ ಸುಮಾರು ಮೂವರಲ್ಲಿ ಒಬ್ಬರು 9 ತೆಗೆದುಕೊಂಡು ಹೊರಟರು. ಒಂದು ಡಾಲರ್ ತೆತ್ತು ಅವರು ಕೊಂಡದ್ದು ಮುಜುಗರದಿಂದ ಬಿಡುಗಡೆ.

2007ರದ್ದು ಇನ್ನೂ ಚುಚ್ಚುತ್ತದೆ. ನಿಮಗೆ 6, ಆ ಕಡೆಯವರಿಗೆ 1; ಇಲ್ಲವೇ ಇಬ್ಬರಿಗೂ 5. ಇದನ್ನು ನೇರವಾಗಿ ಮುಂದಿಟ್ಟಾಗ 74% ಜನ ಇಬ್ಬರಿಗೂ 5 ಎಂದರು. ಇನ್ನೊಂದು ಗುಂಪಿಗೆ ತಮ್ಮ 6 ಮತ್ತು 5 ಮಾತ್ರ ಕಾಣುತ್ತಿತ್ತು. ಆ ಕಡೆಯವರಿಗೆ ಎಷ್ಟು ಸಿಗುತ್ತದೆ ಎಂಬುದು ಮುಚ್ಚಿತ್ತು. ಒಂದು ಬಟನ್ ಒತ್ತಿದರೆ ಕಾಣುತ್ತದೆ. ಖರ್ಚಿಲ್ಲ, ತೊಂದರೆಯಿಲ್ಲ. 44% ಜನ ಒತ್ತಲೇ ಇಲ್ಲ. ಗೊತ್ತಾದರೆ ಕೊಡಬೇಕಾಗುತ್ತದೆ, ಆದ್ದರಿಂದ ಗೊತ್ತಾಗುವುದೇ ಬೇಡ. ಎದುರಿಗೆ ಬರುವವರನ್ನು ಕಂಡೂ ಕಾಣದ ಹಾಗೆ ತಲೆ ತಗ್ಗಿಸಿ ನಡೆಯುವುದು ನಮಗೆಲ್ಲ ಗೊತ್ತಿರುವ ವಿದ್ಯೆ. ಪ್ರಯೋಗಶಾಲೆಯಲ್ಲಿ ಅದು ಬಟನ್ ರೂಪದಲ್ಲಿ ಸಿಕ್ಕಿಬಿದ್ದಿತು.

ಈಗ ಪಡೆಯುವವರ ಕಡೆಗೆ ಬರೋಣ. ನಿಮ್ಮ ಗೆಳತಿಗೆ ಸಿಟ್ಟು ಬಂದದ್ದು ಮೂರು ಎಂಬ ಸಂಖ್ಯೆಯ ಮೇಲೆ ಎಂದು ನಿಮಗೆ ಅನಿಸುತ್ತಿರಬಹುದು. ಸಂಖ್ಯೆ ಅರ್ಧ ಕಥೆ ಮಾತ್ರ. ಇದನ್ನು ಇಷ್ಟು ಚೊಕ್ಕವಾಗಿ ತೋರಿಸಿದ ಪ್ರಯೋಗ ನನಗೆ ಬೇರೆ ಗೊತ್ತಿಲ್ಲ: ಆರ್ಮಿನ್ ಫಾಲ್ಕ್, ಅರ್ನ್‌ಸ್ಟ್ ಫೆರ್, ಉರ್ಸ್ ಫಿಶ್‌ಬಾಕರ್, 2003. ಕೊಡುವವರಿಗೆ ಎರಡೇ ಆಯ್ಕೆ. ಒಂದು ಆಯ್ಕೆ ಯಾವಾಗಲೂ ಅದೇ, ನನಗೆ 8 ನಿನಗೆ 2. ಇನ್ನೊಂದು ಆಯ್ಕೆ ಮಾತ್ರ ಬದಲಾಗುತ್ತದೆ. ಇನ್ನೊಂದು ಆಯ್ಕೆ 5–5 ಇದ್ದೂ 8–2 ಆರಿಸಿದಾಗ 44% ಜನ ತಿರಸ್ಕರಿಸಿದರು. ಇನ್ನೊಂದು ಆಯ್ಕೆ ನನಗೆ 2 ನಿನಗೆ 8 ಎಂದಿದ್ದಾಗ ತಿರಸ್ಕಾರ 27%. ಪಾಪ, ಅಷ್ಟು ತ್ಯಾಗ ಮಾಡು ಎಂದು ಯಾರನ್ನು ಕೇಳಲಾಗುತ್ತದೆ? ಎರಡೂ ಆಯ್ಕೆ 8–2 ಆಗಿದ್ದು ಬೇರೆ ದಾರಿಯೇ ಇಲ್ಲದಾಗ 18%. ಇನ್ನೊಂದು ಆಯ್ಕೆ ನನಗೆ 10 ನಿನಗೆ ಸೊನ್ನೆ ಎಂದಿದ್ದಾಗ ಬರೀ 9%. ಕೈಗೆ ಬರುವುದು ಪ್ರತಿ ಸಲವೂ ಅದೇ ಎರಡು. ಸಿಟ್ಟು ಮಾತ್ರ ಐದು ಪಟ್ಟು ಏರಿಳಿಯಿತು. ಜನ ಮೊತ್ತವನ್ನು ನೋಡುವಾಗಲೇ ಅದರ ಹಿಂದಿನ ಮನಸ್ಸನ್ನೂ ಓದುತ್ತಾರೆ. ಇನ್ನೂ ಒಳ್ಳೆಯದು ಮಾಡಬಹುದಿತ್ತು, ಬೇಕೆಂದೇ ಮಾಡಲಿಲ್ಲ ಎಂದು ಕಂಡಾಗ ಬರುವ ಸಿಟ್ಟೇ ಬೇರೆ.

ಅದೇ ಕಾರಣಕ್ಕೆ ಕಂಪ್ಯೂಟರ್ ಕೊಟ್ಟ ಸಣ್ಣ ಪಾಲನ್ನು ಜನ ಹೆಚ್ಚಾಗಿ ಒಪ್ಪುತ್ತಾರೆ. ಅದೇ ಪಾಲನ್ನು ಮನುಷ್ಯರು ಕೊಟ್ಟರೆ ಕಡಿಮೆ ಒಪ್ಪುತ್ತಾರೆ. ಯಂತ್ರದ ಮೇಲೆ ಏನು ಮುನಿಸು? 2003ರಲ್ಲೇ ಅಲನ್ ಸ್ಯಾನ್‌ಫಿ ಮತ್ತು ಸಂಗಡಿಗರು ಮಿದುಳಿನ ಸ್ಕ್ಯಾನ್ ತೆಗೆಯುತ್ತ ಈ ಆಟ ಆಡಿಸಿದರು. ಮನುಷ್ಯರಿಂದ ಕೀಳು ಪಾಲು ಬಂದಾಗ ಇನ್ಸುಲಾ ಎಂಬ ಭಾಗ ಹೆಚ್ಚು ಚುರುಕಾಯಿತು. ನೋವು, ಅಸಹ್ಯ ಆದಾಗಲೂ ಕೆಲಸ ಮಾಡುವ ಭಾಗ ಅದು. ಮಿದುಳಿನ ಚಿತ್ರ ನೋಡಿ ದೊಡ್ಡ ತೀರ್ಮಾನ ಮಾಡುವುದು ನನಗೆ ಇಷ್ಟವಿಲ್ಲ. ಆದರೆ ಮೂಗಿಗೆ ತುಪ್ಪ ಸವರಿದಂಥ ಪಾಲು ಕಂಡು ಆ ಕ್ಷಣಕ್ಕೆ ಮೈ ಉರಿಯುವುದು ಬರೀ ಮಾತಲ್ಲ ಎಂಬುದಕ್ಕೆ ಅದು ಸಾಕು.

ಮೊತ್ತ ಜಾಸ್ತಿಯಾದರೆ ಈ ಸಿಟ್ಟು ಕರಗುತ್ತದೆಯೇ? ಕರಗುತ್ತದೆ. ಭಾರತದ ಈಶಾನ್ಯ ಭಾಗದ ಹಳ್ಳಿಗಳಲ್ಲಿ ಒಂದು ತಂಡ 20 ರೂಪಾಯಿಯಿಂದ 20,000 ರೂಪಾಯಿ ತನಕ ಹಣ ಇಟ್ಟು ಆಡಿಸಿತು. 2011ರಲ್ಲಿ ಫಲಿತಾಂಶ ಪ್ರಕಟವಾಯಿತು. ಅತಿ ದೊಡ್ಡ ಮೊತ್ತದಲ್ಲಿ ಕಡಿಮೆ ಪಾಲು ಬಂದರೂ ಬೇಡ ಎಂದವರು ಇಲ್ಲವೆನ್ನುವಷ್ಟು ಕಡಿಮೆ. ನಾಲ್ಕು ರೂಪಾಯಿ ಬಿಟ್ಟು ಮಾನ ಉಳಿಸಿಕೊಳ್ಳಬಹುದು. ನಾಲ್ಕು ಸಾವಿರ ಬಿಡುವುದು ಬಡವರಿಗೆ ಆಗದ ಮಾತು. ಅವರಿಗೆ ಅನ್ಯಾಯ ಕಾಣಲಿಲ್ಲ ಎಂದು ಅರ್ಥವಲ್ಲ. ಕಂಡರೂ ನುಂಗಿಕೊಂಡರು. ಸಂಬಳದ ಚೌಕಾಸಿ, ಬಾಡಿಗೆಯ ಮಾತುಕತೆ ಬಂದಾಗ ಇದನ್ನು ನೆನಪಿಡಬೇಕು. ಒಪ್ಪಿಕೊಂಡರು ಎಂದರೆ ನ್ಯಾಯ ಎನಿಸಿತು ಎಂದಲ್ಲ.

ಇಲ್ಲಿಯ ತನಕ ಹೇಳಿದ್ದರಲ್ಲಿ ಹೆಚ್ಚಿನದು ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗ. ಜೋಸೆಫ್ ಹೆನ್ರಿಕ್ 1990ರ ದಶಕದಲ್ಲಿ ಈ ಆಟವನ್ನು ಪೆರು ದೇಶದ ಅಮೆಜಾನ್ ಕಾಡಿನ ಮಚಿಗೆಂಗಾ ಜನರ ಹತ್ತಿರ ಒಯ್ದರು. ಸರಾಸರಿ ಕೊಡುಗೆ 26%. ಅಷ್ಟು ಕಡಿಮೆ ಕೊಟ್ಟರೂ 21ರಲ್ಲಿ ಒಂದೇ ತಿರಸ್ಕಾರ. ಕೊಡುವ ಸ್ಥಾನ ತಮಗೆ ಸಿಗಲಿಲ್ಲವಲ್ಲ, ನಮ್ಮ ದುರದೃಷ್ಟ ಎಂದುಕೊಂಡರೇ ಹೊರತು ಕೊಟ್ಟವರ ಮೇಲೆ ಮುನಿಯಲಿಲ್ಲ. ಮನೆಯವರನ್ನು ಬಿಟ್ಟು ಹೊರಗಿನವರ ಜೊತೆ ಕೊಡುಕೊಳ್ಳುವಿಕೆ ಅವರಲ್ಲಿ ಕಡಿಮೆ. ಗುರುತಿಲ್ಲದವರಿಂದ ಪಾಲು ನಿರೀಕ್ಷಿಸುವ ಕಾರಣವೂ ಇಲ್ಲ.

ಆಮೇಲೆ ಒಂದು ದೊಡ್ಡ ತಂಡ 15 ಸಣ್ಣ ಸಮಾಜಗಳಲ್ಲಿ ಆಟ ಆಡಿಸಿತು. ಇಂಡೋನೇಷ್ಯಾದ ಲಮಲೇರಾದಲ್ಲಿ ಸರಾಸರಿ ಕೊಡುಗೆ ಅರ್ಧಕ್ಕಿಂತ ಮೇಲೆ. ಅವರು ತಿಮಿಂಗಿಲ ಬೇಟೆಯವರು. ದೊಡ್ಡ ದೋಣಿ, ಹತ್ತಾರು ಕೈ ಸೇರಿದರೇ ಬೇಟೆ. ಮಾಂಸದ ಯಾವ ತುಂಡು ಯಾರಿಗೆ ಎಂಬುದಕ್ಕೆ ಬಿಗಿಯಾದ ಕಟ್ಟಳೆ ಇದೆ. ಅಲ್ಲಿ ದಕ್ಕಿದ್ದು ಯಾವುದೂ ಒಬ್ಬರದಲ್ಲ. ಪಪುವಾ ನ್ಯೂಗಿನಿಯ ಔ ಮತ್ತು ನೌ ಜನರದ್ದು ಇನ್ನೂ ವಿಚಿತ್ರ. ಅರ್ಧಕ್ಕಿಂತ ಹೆಚ್ಚು ಕೊಟ್ಟರೂ ಕೆಲವರು ಬೇಡ ಎಂದರು! ಅಲ್ಲಿ ಉಡುಗೊರೆ ತೆಗೆದುಕೊಂಡರೆ ಋಣ ಹೊತ್ತ ಹಾಗೆ. ಯಾವಾಗಲೋ, ಕೊಟ್ಟವರು ಕೇಳಿದಾಗ ತೀರಿಸಬೇಕು. ನಮ್ಮ ಭಾಷೆಯಲ್ಲಿ ಇದಕ್ಕೆ ಒಂದೇ ಪದ ಸಾಕು: ಹಂಗು. ಹಂಗಿಗೆ ಬೀಳುವುದಕ್ಕಿಂತ ಬೇಡ ಎನ್ನುವುದು ಮೇಲು.

ಒಂದೇ ಆಟ, ಒಂದೇ ನಿಯಮ. ಪ್ರತಿ ಊರಿನವರೂ ಅದನ್ನು ತಮಗೆ ಗೊತ್ತಿರುವ ಯಾವುದೋ ಸಂದರ್ಭದ ಹಾಗೆ ಓದಿಕೊಂಡರು. ಒಟ್ಟಾರೆ ನೋಡಿದಾಗ, ಮಾರುಕಟ್ಟೆಯ ಜೊತೆ ಹೆಚ್ಚು ಒಡನಾಟ ಇರುವ ಮತ್ತು ಕೂಡಿ ದುಡಿಯುವುದರಿಂದ ಹೆಚ್ಚು ಲಾಭ ಕಾಣುವ ಸಮಾಜಗಳಲ್ಲಿ ಕೊಡುಗೆ ದೊಡ್ಡದು. ಮಾರುಕಟ್ಟೆ ಜನರನ್ನು ಕೆಡಿಸುತ್ತದೆ ಎಂಬ ಮಾತಿಗೆ ಇದು ಪೂರ್ತಿ ಉಲ್ಟಾ. ಗುರುತಿಲ್ಲದವರ ಜೊತೆ ದಿನವೂ ವ್ಯವಹಾರ ಮಾಡುವವರಿಗೆ ಗುರುತಿಲ್ಲದವರೂ ಪಾಲುದಾರರಾಗಿ ಕಾಣುತ್ತಾರೇನೋ.

ಹಾಗಾದರೆ ಮೇಷ್ಟ್ರು ಹೇಳಿದ್ದು? ಅರ್ಧ ನಿಜ. ಜನ ತಮ್ಮ ಜೇಬನ್ನು ಮಾತ್ರ ನೋಡುತ್ತಾರೆ ಎಂಬ ಪಠ್ಯಪುಸ್ತಕದ ಊಹೆಯನ್ನು ಈ ಆಟಗಳು ಮುರಿದು ಹಾಕಿವೆ. ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಮನುಷ್ಯರಲ್ಲಿ ಇಷ್ಟು ಶೇಕಡಾ ಉದಾರತನ ಇದೆ ಎಂದು ಅಳೆಯುವ ತಕ್ಕಡಿ ಅವು ಅಲ್ಲ. ಅದೇ ವ್ಯಕ್ತಿ ಇವತ್ತು ಅರ್ಧ ಕೊಡಬಹುದು, ನಾಳೆ ಲಕೋಟೆಯಲ್ಲಿ ಖಾಲಿ ಚೀಟಿ ಬಿಡಬಹುದು. ಹಣ ಎಲ್ಲಿಂದ ಬಂತು, ಎದುರಿಗೆ ಇರುವವರಿಗೆ ಏನು ಗೊತ್ತು ಎಂಬುದನ್ನು ಬದಲಾಯಿಸಿದರೆ ಸಾಕು.

ಈಗ ನಿಮ್ಮಿಬ್ಬರ ಜಗಳ. ನಿಮ್ಮ ಲೆಕ್ಕದಲ್ಲಿ ಆ ಹತ್ತು ಟೋಕನ್ ನೀವು ಕ್ವಿಜ್ ಗೆದ್ದು ಸಂಪಾದಿಸಿದ್ದು. ಅದರಲ್ಲಿ ಮೂರು ಕೊಟ್ಟದ್ದು ನಿಮಗೆ ಧಾರಾಳವಾಗಿ ಕಂಡಿತು. ನಿಮ್ಮ ಗೆಳತಿಯ ಲೆಕ್ಕದಲ್ಲಿ ಅದು ಮೇಷ್ಟ್ರು ಇಬ್ಬರ ನಡುವೆ ಇಟ್ಟ ಹಣ. ಹಾಗಿದ್ದರೆ ಮೂರು ಎಂದರೆ ಅವಳ ಐದರಲ್ಲಿ ಎರಡನ್ನು ನೀವು ಎತ್ತಿಕೊಂಡ ಹಾಗೆ. ಇಬ್ಬರೂ ನ್ಯಾಯವನ್ನೇ ಕೇಳುತ್ತಿದ್ದೀರಿ. ಹಣ ಯಾರದ್ದು ಎಂಬಲ್ಲಿ ಮಾತ್ರ ಬೇರೆಯಾಗಿದ್ದೀರಿ.

ಆದ್ದರಿಂದ ಯಾರು ಸರಿ ಎನ್ನುವ ಮೊದಲು ನೀವು ಅವಳನ್ನು ಒಂದೆರಡು ಮಾತು ಕೇಳಬೇಕು. ಕೊಡುವ ಸ್ಥಾನ ಕ್ವಿಜ್ ಗೆದ್ದವರಿಗೇ ಸಿಗುತ್ತದೆ ಎಂದು ಆಟಕ್ಕೆ ಮೊದಲೇ ಅವಳಿಗೆ ಗೊತ್ತಿತ್ತೇ? 1994ರ ಪ್ರಯೋಗದಲ್ಲಿ ಇಬ್ಬರಿಗೂ ಗೊತ್ತಿತ್ತು, ಅದಕ್ಕೇ ಗೆರೆ ಒಟ್ಟಿಗೆ ಸರಿಯಿತು. ಗೊತ್ತಿಲ್ಲದಿದ್ದರೆ ನಿಮ್ಮ ಮೂರು ಅವಳಿಗೆ ಬರೀ ಜಿಪುಣತನವಾಗಿ ಕಂಡಿದ್ದರಲ್ಲಿ ತಪ್ಪಿಲ್ಲ. ಗೊತ್ತಿದ್ದರೆ, ಆ ಕ್ವಿಜ್ ಅವಳಿಗೆ ಸರಿಯಾದ ಸ್ಪರ್ಧೆ ಎನಿಸಿತ್ತೇ? ಪ್ರಶ್ನೆಗಳೆಲ್ಲ ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯದವೇ ಆಗಿದ್ದರೆ ಅವಳು ಆ ಗೆಲುವನ್ನು ದುಡಿಮೆ ಎಂದು ಒಪ್ಪದೇ ಇರಬಹುದು. ಚೀಟಿ ಎತ್ತಿದ ಹಾಗೇ ಅದೂ ಒಂದು ಅದೃಷ್ಟ ಎಂದುಕೊಂಡಿರಬಹುದು.

ಮೇಷ್ಟ್ರು ಒಪ್ಪಿದರೆ ಇನ್ನೊಮ್ಮೆ ಆಡಿ. ಈ ಸಲ ಅರ್ಧ ತರಗತಿಗೆ ಚೀಟಿ ಎತ್ತಿ ಸ್ಥಾನ ಕೊಡಿ, ಇನ್ನರ್ಧಕ್ಕೆ ಎಲ್ಲರಿಗೂ ತಿಳಿಸಿ ಕ್ವಿಜ್ ಮಾಡಿ. ಪಾಲು ನೋಡುವ ಮೊದಲೇ, ಇಷ್ಟಕ್ಕಿಂತ ಕಡಿಮೆ ಬಂದರೆ ಒಪ್ಪುವುದಿಲ್ಲ ಎಂದು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆದಿಡಲಿ. ಎರಡು ಗುಂಪಿನ ಚೀಟಿಗಳನ್ನು ಪಕ್ಕಪಕ್ಕ ಇಟ್ಟರೆ ನಿಮ್ಮ ಮೂರು ಯಾವ ಗುಂಪಿನಲ್ಲಿ ನಿಲ್ಲುತ್ತಿತ್ತು, ಯಾವುದರಲ್ಲಿ ಬೀಳುತ್ತಿತ್ತು ಎಂಬುದು ಇಬ್ಬರಿಗೂ ಕಾಣುತ್ತದೆ. ಏನು ಬಂತು ಎಂದು ನನಗೂ ಬರೆಯಿರಿ.